ಭಾವ ಕೊಟ್ಟ ಲಾರಿ

ಮನೆ ಪಾಲಾದ ದಿನ ಭಾವ ನಮಗೆ ಲಾರಿ ಕೊಟ್ಟರು. ಎತ್ತು, ಬಂಡಿ, ಪೇಟೆಯ ಅಂಗಡಿ ತಾವು ಇಟ್ಟುಕೊಂಡರು. ಅವರು ನನ್ನ ಗಂಡನ ಅಣ್ಣ. ಮಾವ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವರ ಕೈಯಲ್ಲೇ ಇತ್ತು. ಅವರನ್ನು ಇಲ್ಲಿ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಅದು ಬಾಯಿಗೆ ಬಿದ್ದ ರೂಢಿ. ಮರ್ಯಾದೆ ಎಂದು ಯಾರೂ ತಿಳಿಯಬಾರದು.

ಆಗ ನಿಜಾಮರ ಆಳಿಕೆ ಹೋಗಿ ಹೊಸ ಸರಕಾರ ಬಂದಿತ್ತು. ನಮ್ಮೂರು ಶಹಾಪುರದ ಕಚೇರಿಗಳ ಮೇಲಿನ ಉರ್ದು ಫಲಕದ ಪಕ್ಕದಲ್ಲಿ ಕನ್ನಡದ ಫಲಕ ಏರುತ್ತಿತ್ತು. ಯುದ್ಧದಲ್ಲಿ ದುಡಿದು ಹಣ್ಣಾದ ಮಿಲಿಟರಿ ಲಾರಿಗಳನ್ನು ಸಿಕಂದರಾಬಾದಿನಲ್ಲಿ ಹರಾಜು ಹಾಕುತ್ತಿದ್ದರು. ಭಾವ ಅಲ್ಲಿಂದ ಒಂದನ್ನು ತಂದು, ಮಳೆಗಾಲವೆಲ್ಲ ಬಯಲಲ್ಲೇ ನಿಲ್ಲಿಸಿದ್ದರು. ಪಾಲಿನ ಮಾತು ಬಂದಾಗ ಅದನ್ನು ಯಾದಗಿರಿಗೆ ಒಯ್ದು, ಹಸಿರು ಬಣ್ಣ ಹೊಡೆಸಿಕೊಂಡು ಬಂದರು. ಬಣ್ಣದ ವಾಸನೆ ಓಣಿಯ ತುದಿಯವರೆಗೂ ಬರುತ್ತಿತ್ತು.

"ಮಿಸ್ತ್ರಿಗೆ ಹೇಳಿ ತಳಕ್ಕೆಲ್ಲ ಹೊಸಾ ತಗಡ ಹಾಕ್ಸೀನಿ, ತಮ್ಮಾ," ಎಂದರು. "ನಾ ಮುದುಕ ಆಗಾಕ ಬಂದೆ, ನನಗ ಎತ್ತು ಸಾಕು. ಮೋಟಾರ ನೀ ನಡಸು."

ನನ್ನ ಗಂಡ ಅಣ್ಣನ ಕಾಲಿಗೆ ಬಿದ್ದು ಎದ್ದಾಗ ಕಣ್ಣು ಒದ್ದೆಯಾಗಿದ್ದವು. ಓಣಿಯವರೆಲ್ಲ ಅಣ್ಣನೆಂದರೆ ಹೀಗಿರಬೇಕು ಎಂದರು. ನಾನು ಸುರಪುರದ ಕಮ್ಮಾರರ ಮಗಳು, ಮದುವೆಯಾಗುವವರೆಗೂ ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿದವಳು. ಬಣ್ಣದ ಅಡಿಯಲ್ಲಿ ಅಲ್ಲಲ್ಲಿ ಉಬ್ಬಿದ್ದು ನನ್ನ ಕಣ್ಣಿಗೆ ಬಿತ್ತು. ಹೊಸ ತಗಡು ಹಾಗೆ ಉಬ್ಬುವುದಿಲ್ಲ. ಆದರೆ ಹೊಸ ಸೊಸೆ, ತಲೆಯ ಮೇಲಿನ ಸೆರಗು ಹಣೆಯವರೆಗೆ ಇದ್ದ ಕಾಲ. ಭಾವನ ಎದುರು ನಿಂತು ಮಾತಾಡುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ.

ಹತ್ತಿ ಹೇರಿಕೊಂಡು ಯಾದಗಿರಿ ಸ್ಟೇಶನ್ನಿಗೆ ಹೊರಟ ಮೊದಲ ಸಲವೇ ಅನಾಹುತವಾಯಿತು. ಇಳಿಜಾರಿನಲ್ಲಿ ಗೇರು ಬದಲಿಸಲು ನನ್ನ ಗಂಡ ಎಡಗಾಲಿನಿಂದ ಕ್ಲಚ್ಚು ಒತ್ತಿದರು. ಹಿಮ್ಮಡಿಯ ಕೆಳಗಿನ ತಗಡು ಹಪ್ಪಳದಂತೆ ಮುರಿದು, ಕಾಲು ಮೊಳಕಾಲಿನವರೆಗೂ ಕೆಳಗೆ ಇಳಿಯಿತು. ಲಾರಿ ರಸ್ತೆ ಬಿಟ್ಟು ಜಾಲಿಗಿಡಕ್ಕೆ ಹೋಗಿ ಗುದ್ದಿತು. ಹಿಂದೆ ಬರುತ್ತಿದ್ದ ಬಂಡಿಯವರು ಅವರ ಕಾಲನ್ನು ತೂತಿನಿಂದ ಬಿಡಿಸಿ, ಬಂಡಿಯಲ್ಲಿ ಮಲಗಿಸಿಕೊಂಡು ತಂದರು. ಮೀನಖಂಡ ಸೀಳಿತ್ತು, ಎಲುಬು ಮುರಿದಿತ್ತು. ಎಲುಬು ಕೂಡಿಸುವ ಅಜ್ಜ ಬಂದು ಬಿದಿರಿನ ದಬ್ಬೆ ಕಟ್ಟುವಾಗ ಅವರು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಒಡೆದು ಚುಚ್ಚಿದವು.

ಭಾವ ಸಂಜೆ ಬಂದರು. ಮಂಚದ ಪಕ್ಕ ಕುಳಿತು ನೆತ್ತಿ ನೇವರಿಸಿದರು. "ಮಿಸ್ತ್ರಿ ಮೋಸ ಮಾಡ್ಯಾನ. ನಾ ಏನ ಕಂಡೆ? ಗಾಡಿ ಬಿಟ್ಟು ಬಂದೆ, ಬಣ್ಣ ಒಣಗಿದ ಮ್ಯಾಲ ತಗೊಂಡು ಬಂದೆ. ಒಳಗ ಏನ ಮಾಡ್ಯಾನೋ ದೇವರಿಗೇ ಗೊತ್ತು," ಎಂದರು. ಆದರೆ ಮರುದಿನ ಪೇಟೆಯಲ್ಲಿ ಅವರ ಮಾತು ಬೇರೆ ಇತ್ತು. ಗಾಡಿ ಚೆನ್ನಾಗಿಯೇ ಇತ್ತು, ತಮ್ಮನಿಗೆ ನಡೆಸಲು ಬರುವುದಿಲ್ಲ, ಗಿಡಕ್ಕೆ ಗುದ್ದಿ ಕೆಡಿಸಿದ ಎಂದು ಹತ್ತಿ ವ್ಯಾಪಾರಿಗಳ ಮುಂದೆ ಹೇಳಿದ್ದರು. ಆ ಮಾತು ನಮ್ಮ ಮನೆಯ ಬಾವಿಕಟ್ಟೆಯವರೆಗೆ ಬಂತು. ನೀರು ಸೇದುತ್ತಿದ್ದ ನನಗೆ ಹಗ್ಗ ಕೈ ಜಾರಿ, ಕೊಡ ಬಾವಿಗೆ ಬಿತ್ತು.

ಕೆಲವು ದಿನ ಬಿಟ್ಟು ಭಾವ ಮತ್ತೆ ಬಂದರು. ಎತ್ತು ಕಟ್ಟಿ ಎಳೆಸಿ ತಂದ ಲಾರಿ ನಮ್ಮ ಅಂಗಳದ ಬೇವಿನ ಮರದ ಕೆಳಗೆ ನಿಂತಿತ್ತು. ಅದರ ಸುತ್ತ ಒಂದು ಸುತ್ತು ಹಾಕಿ, ಇಂಜಿನ್ನಿನ ಮುಚ್ಚಳ ಎತ್ತಿ ನೋಡಿ, ಒಳಗೆ ಬಂದು ಹೇಳಿದರು:

"ಈ ಗಾಡಿ ಇನ್ನ ನಿಮ್ಮ ಕೈಲಿ ಆಗೂದಲ್ಲ. ನನಗ ತಿರುಗಿ ಕೊಡ್ರಿ, ಗುಜರಿಗೆ ಹಾಕ್ತೀನಿ. ಕಾಲ ನೆಟ್ಟಗಾದ ಮ್ಯಾಲ ತಮ್ಮ ನನ್ನ ಕೈಯಾಗ ಬಂಡಿ ಹೊಡೀಲಿ. ಉಪಾಸ ಏನ ಬೀಳಂಗಿಲ್ಲ."

ಆಗ ನನಗೆ ಎಲ್ಲ ತಿಳಿಯಿತು. ಲಾರಿಯ ಮೈ ಕೊಳೆತಿತ್ತು, ಇಂಜಿನ್ ಚೆನ್ನಾಗಿತ್ತು. ಅವರಿಗೆ ಬೇಕಾದದ್ದು ಇಂಜಿನ್. ಇನ್ನೊಂದು ಬೇಕಾದದ್ದು ತಮ್ಮನೇ, ಬಂಡಿಯ ಮೂಕಿಯ ಮೇಲೆ ಕೂಲಿಯವನಾಗಿ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಡುವೆ ಅತ್ತೆ ಕುಳಿತಿದ್ದರು. ಅವರು ಭಾವನ ಮನೆಯಲ್ಲೇ ಇದ್ದರೂ ಕಿರಿಯ ಮಗ ಮಲಗಿದಾಗಿನಿಂದ ದಿನವೂ ಬಂದುಹೋಗುತ್ತಿದ್ದರು. ನಾನು ಅತ್ತೆಗೆ ಹೇಳಿದೆ, ಭಾವನಿಗೆ ಕೇಳಿಸುವಂತೆ.

"ಅತ್ತಿ, ಗಾಡಿ ಕೊಡಂಗಿಲ್ಲಂತ ಹೇಳ್ರಿ."

ಭಾವ ನಕ್ಕರು. "ಇಟ್ಕೊಂಡು ಏನ ಮಾಡ್ತಾಳಂತ? ಕೋಳಿಗೂಡ ಮಾಡ್ತಾಳೇನು?"

ನನ್ನ ಗಂಡ ಗೋಡೆಯ ಕಡೆ ಮುಖ ತಿರುಗಿಸಿದರು. ಮರುದಿನದಿಂದ ಓಣಿಯ ಹುಡುಗರು ನಮ್ಮ ಲಾರಿಯನ್ನು ಕೋಳಿಗೂಡು ಎಂದೇ ಕರೆದರು. ಆ ಹೆಸರು ಯಾರ ಬಾಯಿಂದ ಹೊರಟಿತೆಂದು ನನಗೆ ಗೊತ್ತಿತ್ತು. ಆವತ್ತೇ ನಾನು ನಿಶ್ಚಯ ಮಾಡಿದೆ. ಈ ಲಾರಿ ಓಡಬೇಕು, ಭಾವನನ್ನೇ ಇದರಲ್ಲಿ ಕೂಡಿಸಿಕೊಂಡು ಪೇಟೆಯ ನಡುವೆ ಹೋಗಬೇಕು, ಎಲ್ಲರೂ ನೋಡಬೇಕು. ಹೇಗೆ ಎಂಬುದು ತಿಳಿದಿರಲಿಲ್ಲ. ಸೇಡಿಗೆ ಮೊದಲು ಬೇಕಾದದ್ದು ಗಟ್ಟಿ ತಳ ಎನ್ನುವುದಷ್ಟೇ ತಿಳಿದಿತ್ತು.

ಸೀರೆಯ ಕಚ್ಚೆ ಬಿಗಿದು ಲಾರಿಯ ಕೆಳಗೆ ಇಳಿದೆ. ಮನೆಯಲ್ಲಿದ್ದ ಚಾಣ, ಎಂದರೆ ಕಬ್ಬಿಣದ ಉಳಿ, ಹಿಡಿದು ಬಣ್ಣ ಕೆರೆದರೆ ಅಡಿಯಲ್ಲಿ ಡಾಂಬರು, ಡಾಂಬರಿನ ಅಡಿಯಲ್ಲಿ ಗೋಣಿತಟ್ಟು, ತಟ್ಟಿನ ಅಡಿಯಲ್ಲಿ ಕಟ್ಟಿಗೆ ಹೊಟ್ಟು ಕಲಸಿ ಮೆತ್ತಿದ ಅಂಟು, ಅದರಡಿಯಲ್ಲಿ ಏನೂ ಇಲ್ಲ. ಬೆರಳು ಹಾಕಿದರೆ ಆಚೆ ಹೊರಟಿತು. ಹೊಸ ತಗಡು ಎಂದರಲ್ಲ, ಒಂದು ಅಂಗೈ ಅಗಲದಷ್ಟೂ ಸಿಗಲಿಲ್ಲ. ಎಡಕ್ಕೆ, ಡ್ರೈವರನ ಪಕ್ಕದಲ್ಲಿ ಕೂಡುವವರ ಕಾಲಡಿಯಲ್ಲೂ ಹಾಗೇ ಇತ್ತು. ಎರಡು ಅಡ್ಡಪಟ್ಟಿಗಳ ನಡುವೆ ಹಿಟ್ಟು ಕಲಸುವ ಪರಾತದಷ್ಟು ಅಗಲದ ತೂತು, ಮೇಲೆ ತಟ್ಟು, ಡಾಂಬರು, ಬಣ್ಣ. ಅದು ಇನ್ನೂ ಮುರಿದಿರಲಿಲ್ಲ, ಅಷ್ಟೇ. ಅಲ್ಲಿ ಕೂತವರು ಪಟ್ಟಿಗಳ ಮೇಲೆ ಕಾಲಿಟ್ಟರೆ ಬದುಕಿದರು, ನಡುವೆ ಇಟ್ಟರೆ ಹೋದರು.

ಕಿತ್ತ ತಟ್ಟನ್ನು ಒಯ್ದು ಗಂಡನಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮಿಸ್ತ್ರಿ ಕೆಲಸ. ಅಣ್ಣಗ ಗೊತ್ತಿರಲಿಕ್ಕಿಲ್ಲ."

"ನಿಮ್ಮ ಕಾಲ ಮುರದೈತ್ರಿ."

"ಅಣ್ಣ ನನ್ನ ಹೆಗಲ ಮ್ಯಾಲ ಹೊತ್ತು ಬೆಳಸ್ಯಾನ," ಎಂದರು. ತಟ್ಟನ್ನು ಮಂಚದಡಿಗೆ ತಳ್ಳಿದರು. "ಆ ಎಡಗಡಿ ತೂತಿನ ಮಾತು ಯಾರ ಮುಂದನೂ ಆಡಬ್ಯಾಡ. ನನ್ನ ಕಾಲಿನ ಸುದ್ದಿನ ಊರಿಗೆಲ್ಲ ಸಾಕಾಗೈತಿ. ಇದು ಹೊರಗ ಬಿದ್ರ ಅಣ್ಣ ತಲಿ ಎತ್ತಂಗಿಲ್ಲ."

ನಾನು ಆಡಲಿಲ್ಲ. ಭಾವನ ತಲೆಯ ಚಿಂತೆ ನನಗಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಅದೊಂದೇ, ಅದನ್ನು ಸುಮ್ಮನೆ ಓಣಿಯ ಬಾಯಿಗೆ ಹಾಕಿ ಮುಗಿಸಲು ಮನಸ್ಸಾಗಲಿಲ್ಲ.

ಮೊದಲ ತೇಪೆಗಳು ಕೆಟ್ಟವು. ಚಿಮಣಿ ಎಣ್ಣೆಯ ಡಬ್ಬಿ ಬಿಡಿಸಿ ತಗಡು ಮಾಡಿ, ತೂತಿನ ಮೇಲಿಟ್ಟು ಮೊಳೆ ಹೊಡೆದೆ. ಡಬ್ಬಿಯ ತಗಡು ತೆಳುವು, ಮೇಲೆ ನಿಂತರೆ ಬಾಗಿತು. ಇನ್ನೊಂದು ಸಲ ದಪ್ಪ ತಗಡು ಹಾಕಿದೆ. ಈಗ ತಗಡು ಗಟ್ಟಿ, ಸುತ್ತಲಿನ ಕಬ್ಬಿಣ ಪುಡಿ. ಮೊಳೆ ಹೊಡೆದ ಕಡೆಯೆಲ್ಲ ಅಂಚು ಹರಿದು, ತೂತು ಮೊದಲಿಗಿಂತ ದೊಡ್ಡದಾಯಿತು. ಲಾರಿಯ ಕೆಳಗೆ ಅಂಗಾತ ಮಲಗಿ, ಕಣ್ಣಲ್ಲಿ ತುಕ್ಕಿನ ಪುಡಿ ತುಂಬಿಕೊಂಡು ಅತ್ತುಬಿಟ್ಟೆ. ಅಳುವಾಗಲೂ ಭಾವನ ನಗು ಕೇಳುತ್ತಿತ್ತು.

ಕೊನೆಗೆ ಸುರಪುರಕ್ಕೆ ಹೋಗಿ ಅಪ್ಪನ ಮುಂದೆ ಕೂತೆ. ಅಪ್ಪನಿಗೆ ಕಣ್ಣು ಮಂಜಾಗಿ ಕುಲುಮೆ ಆರಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, "ಜಂಗು ಹಿಡಿದದ್ದಕ್ಕ ತೇಪಿ ಹಚ್ಚಿದ್ರ ತೇಪಿನೂ ಜಂಗು ಹಿಡೀತೈತಿ, ಮಗಳ. ಚೊಲೊ ಕಬ್ಬಿಣ ಸಿಗೂತನ ಕೊಯ್ಯಿ. ಕೊಯ್ಯಾಕ ಹೆದರಬ್ಯಾಡ," ಎಂದರು. ಅಡಿಗಲ್ಲು, ಇಕ್ಕಳ, ಚಾಣಗಳನ್ನು ಬಂಡಿಗೆ ಹಾಕಿಸಿ ಕಳಿಸಿದರು. ಅಡಿಗಲ್ಲು ಏರಿಸುವಾಗ ಅದರ ಮೇಲೊಮ್ಮೆ ಕೈಯಾಡಿಸಿದರು. ತಿರುಗಿ ಕೊಡು ಎನ್ನಲಿಲ್ಲ.

ಆಮೇಲೆ ಕೆಲಸಕ್ಕೆ ದಿಕ್ಕು ಸಿಕ್ಕಿತು. ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋಗುವುದು. ಠಣ್ ಎಂದರೆ ಬಿಡುವುದು, ಮೆತ್ತಗೆ ಸದ್ದು ಬಂದರೆ ಕೊಯ್ಯುವುದು. ಕೊಯ್ದು ಕೊಯ್ದು ಕೂಡುವ ಕಡೆಯ ತಳ ಅರ್ಧಕ್ಕರ್ಧ ಹೋಯಿತು. ಬೇವಿನ ನೆರಳಲ್ಲಿ ನಿಂತು ನೋಡಿದರೆ ಲಾರಿಯೊಳಗಿಂದ ನೆಲ ಕಾಣುತ್ತಿತ್ತು. ಗಂಡ ಮಂಚದ ಮೇಲಿಂದ, "ಏ, ಏನಾರ ಉಳಸ್ತೀ ಏನು?" ಎಂದರು. ಕಾಲು ಮುರಿದ ಮೇಲೆ ಅವರು ಚೇಷ್ಟೆಯ ಮಾತು ಆಡಿದ್ದು ಅದೇ ಮೊದಲು.

ರಸ್ತೆ ಕೆಲಸದವರು ಬಿಸಾಡಿದ ಡಾಂಬರಿನ ಪೀಪಾಯಿಗಳನ್ನು ಕೇಳಿ ತಂದೆ. ಅವನ್ನು ಸೀಳಿ, ಬೆಂಕಿಯಲ್ಲಿ ಡಾಂಬರು ಸುಟ್ಟು, ಬಡಿದು ಸಪಾಟು ಮಾಡಿದರೆ ಒಳ್ಳೆಯ ದಪ್ಪ ತಗಡು. ಹಳೆಯ ಬಂಡಿ ಗಾಲಿಯ ಕಬ್ಬಿಣದ ಪಟ್ಟಿ ಬಿಚ್ಚಿ ಅಡ್ಡಪಟ್ಟಿ ಮಾಡಿದೆ. ಉಳಿದ ಕಬ್ಬಿಣಕ್ಕೆ ಹುಣಸೆ ಹುಳಿ ಬಳಿದು, ಇಟ್ಟಿಗೆ ಚೂರಿನಿಂದ ತಿಕ್ಕಿ, ಒಣಗಿಸಿದೆ. ಮೊಳೆಯನ್ನು ಕೆಂಪಗೆ ಕಾಯಿಸಿ ತೂರಿಸಿ, ಕೆಳಗೆ ಮಲಗಿ ತಲೆ ಬಡಿಯುವುದು. ಮೇಲೆ ಒತ್ತಿ ಹಿಡಿಯಲು ಒಬ್ಬರು ಬೇಕು. ಗಂಡ ಕುಂಟುತ್ತ, ಕೋಲೂರಿ ಬಂದು ಹಿಡಿದರು. ಗಂಡ ಹೆಂಡತಿ ನಾವು ಮೊದಲು ಅಷ್ಟು ಹತ್ತಿರ ಕೂತು ಒಂದು ಕೆಲಸ ಮಾಡಿದ್ದಿಲ್ಲ. ನಡುವೆ ಬರೀ ತಗಡು.

ಪಕ್ಕದ ಮನೆಯ ಮುಸಲ್ಮಾನರ ಹಿರಿಯಾಕೆ, ನಾನು ಖಾಲಾ ಎನ್ನುತ್ತಿದ್ದೆ, ಗೋಡೆಯ ಮೇಲಿಂದ ಇಣುಕಿದರು. "ಯಾ ಅಲ್ಲಾ, ಇತ್ತಾ ಜೋರ್ ಸೇ ಕಿಸಕೂ ಮಾರ್ ರೈ ಗೆ ಬೇಟಿ?" ಎಂದರು, ಇಷ್ಟು ಜೋರಾಗಿ ಯಾರನ್ನು ಹೊಡೆಯುತ್ತಿದ್ದೀ ಎಂದು.

"ಭಾವನವರಿಗೆ ಹೊಡಿಯಾಕತ್ತೇನಿ, ಖಾಲಾ."

ಖಾಲಾ ಗೋಡೆ ಹಿಡಿದು ನಕ್ಕರು. "ತೋ ಔರ್ ಮಾರ್!" ಎಂದರು, ಹಾಗಾದರೆ ಇನ್ನೂ ಹೊಡಿ ಎಂದು. ಸಂಜೆ ಅವರ ಮನೆಯಿಂದ ನನ್ನ ಅಂಗೈಯ ಬೊಬ್ಬೆಗಳಿಗೆ ಹಚ್ಚಲು ಬೆಣ್ಣೆ ಬಂತು. ಚೇಷ್ಟೆಗೆ ಹೇಳಿದ್ದಲ್ಲ ನಾನು. ಪ್ರತಿ ಮೊಳೆಯ ತಲೆಯನ್ನೂ ಭಾವನ ನಗುವ ಮುಖವೆಂದೇ ಬಡಿದೆ. ಅದರಿಂದಲೋ ಏನೋ, ಆ ಮೊಳೆಗಳು ಲಾರಿ ಇರುವ ತನಕ ಸಡಿಲಾಗಲಿಲ್ಲ.

ಅಗಸೆ ಎಣ್ಣೆ ಕುದಿಸಿ ಕಾವಿ ಕಲಸಿ ತಳಕ್ಕೆಲ್ಲ ಒಳಗೂ ಹೊರಗೂ ಬಳಿದೆ. ಇಂಜಿನ್ನಿನ ನೀರಿನ ಟಾಕಿ ಸೋರುತ್ತಿತ್ತು. ಗಂಡ ಅದಕ್ಕೆ ಒಂದು ಹಿಡಿ ಅಗಸೆ ಪುಡಿ ಹಾಕಿಸಿದರು, ಸೋರುವುದು ನಿಂತಿತು. ಬಾಗಿಲ ಕೀಲು ತುಕ್ಕು ತಿಂದು ಹೋಗಿತ್ತು. ಅದಕ್ಕೆ ಎಮ್ಮೆ ತೊಗಲಿನ ಪಟ್ಟಿ ಹೊಲಿಸಿದೆವು. ಹಸಿರು ಬಣ್ಣ ಅಲ್ಲಲ್ಲಿ, ಕಾವಿ ಅಲ್ಲಲ್ಲಿ, ನೋಡಲು ಚೆಂದವೇನೂ ಇರಲಿಲ್ಲ. ಕಡೆಗೆ ಕಾಲಡಿಗೆ ಎರಡೂ ಕಡೆ ದಪ್ಪ ಗೋಣಿಯ ಚಾಪೆ ಹಾಸಿದೆ. ಗಂಡ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದಾಗ ಲಾರಿ ಕೆಮ್ಮಿ, ಹೊಗೆ ಉಗುಳಿ, ಶುರುವಾಯಿತು. ಬೇವಿನ ಮರದ ಕಾಗೆಗಳೆಲ್ಲ ಎದ್ದವು.

ವ್ಯಾಪಾರಿಗಳು ಒಮ್ಮೆಲೇ ನಂಬಲಿಲ್ಲ. ಗೋಗಿಯ ಕಡೆಯ ಒಬ್ಬ ರೈತ ಬಂಡಿ ಸಿಗದೆ ಶೇಂಗಾ ಚೀಲ ಹೇರಿದ. ಅದು ಸುಸೂತ್ರ ಮುಟ್ಟಿತು. ಮುಂದೆ ಇನ್ನೊಬ್ಬರು ಬಂದರು. ಗಂಡನ ಕಾಲು ಸೊಟ್ಟಗೇ ಕೂಡಿತ್ತು, ಕ್ಲಚ್ಚು ಒತ್ತಿದಾಗೊಮ್ಮೆ ಹಲ್ಲು ಕಚ್ಚುತ್ತಿದ್ದರು. ಹಾಗಾಗಿ ನಾನೂ ಜೊತೆಗೆ ಹೋಗತೊಡಗಿದೆ, ಹ್ಯಾಂಡಲ್ ತಿರುಗಿಸಲು, ಹಗ್ಗ ಬಿಗಿಯಲು. ಹೆಂಗಸು ಲಾರಿ ಮೇಲೆ ಕೂತು ಊರೂರು ತಿರುಗುತ್ತಾಳೆ ಎಂದು ಭಾವ ಕುಲದವರ ಮುಂದೆ ಹೇಳಿದರು. ಆಮೇಲೆ ತಾವೇ ಇನ್ನೊಂದು ಲಾರಿ ತಂದರು, ನಮ್ಮದಕ್ಕಿಂತ ದೊಡ್ಡದು, ಡ್ರೈವರನೂ ಸಂಬಳದವನು. ನಾವು ಕೇಳಿದಲ್ಲೆಲ್ಲ ಅವರು ಕಡಿಮೆ ಬಾಡಿಗೆ ಹೇಳಿ ಹತ್ತಿ ಎತ್ತಿಕೊಂಡು ಹೋಗುವರು. ನಮ್ಮನ್ನು ದಾಟಿ ಮುಂದೆ ಹೋಗುವಾಗ ಡ್ರೈವರನಿಗೆ ಹೇಳಿ ಹಾರ್ನ್ ಹೊಡೆಸುವರು. ಆ ಧೂಳು ತಿನ್ನುತ್ತ ನಾನು ಕಾಯುತ್ತಿದ್ದೆ.

ಹತ್ತಿ ಸುಗ್ಗಿ ಮುಗಿಯುತ್ತ ಬಂದು, ಬಿಸಿಲು ಏರಿ, ಅಡ್ಡಮಳೆ ಬೀಳುವ ಹೊತ್ತು. ನಾವು ಯಾದಗಿರಿಗೆ ಹೇರು ಮುಟ್ಟಿಸಿ ಬರಿದಾದ ಲಾರಿಯಲ್ಲಿ ತಿರುಗಿ ಬರುತ್ತಿದ್ದೆವು. ಭೀಮೆ ದಾಟಿ ಬಂದ ಮೇಲೆ, ಶಹಾಪುರ ಇನ್ನು ಹತ್ತಿರವಿದೆ ಎನ್ನುವಾಗ, ಒಂದು ಹಳ್ಳದ ಮೇಲೆ, ಹಳ್ಳಿಯಿಂದ ಊರಿಗೆ ಹೊರಟಿದ್ದ ಭಾವನ ಲಾರಿ ನಿಂತಿತ್ತು. ನೆತ್ತಿಯವರೆಗೆ ಹತ್ತಿಯ ಚೀಲ ಹೇರಿತ್ತು. ಇಂಜಿನ್ನಿನೊಳಗೆ ಏನೋ ಮುರಿದಿದೆ ಎಂದು ಡ್ರೈವರ ಕೈ ಚೆಲ್ಲಿ ಕೂತಿದ್ದ. ಪಡುವಣದಲ್ಲಿ ಮೋಡ ಕಪ್ಪಾಗಿ ಎದ್ದಿತ್ತು. ಹತ್ತಿಯ ಮೇಲೆ ಮುಚ್ಚಲು ತಾಡಪತ್ರಿ ಇರಲಿಲ್ಲ.

ಭಾವ ರಸ್ತೆಗೆ ಬಂದು ಕೈ ಅಡ್ಡ ಹಿಡಿದರು. "ತಮ್ಮಾ, ದೇವರ ಬಂದಂಗ ಬಂದಿ. ಊರಿಗೆ ಎಳಕೊಂಡು ನಡಿಯಪಾ. ತೊಯ್ದ್ರ ಸಾಹುಕಾರರು ನನ್ನ ಹತ್ತಿ ಮುಟ್ಟಂಗಿಲ್ಲ."

ಗಂಡ ಏನಾದರೂ ಹೇಳುವ ಮೊದಲೇ ನಾನು ಕೆಳಗಿಳಿದೆ. ಸೆರಗು ಹಿಂದೆ ಸರಿದಿತ್ತು, ಮೇಲೆಳೆದುಕೊಳ್ಳಲಿಲ್ಲ. ಭಾವನ ಜೊತೆ ಮುಖ ಕೊಟ್ಟು ಮಾತಾಡಿದ್ದು ಅದೇ ಮೊದಲು.

"ಎಳೀತೀವ್ರಿ. ಡ್ರೈವರ ನಿಮ್ಮ ಗಾಡ್ಯಾಗ ಸ್ಟೇರಿಂಗ ಹಿಡೀಲಿ. ನೀವು ಬಂದು ನಮ್ಮ ಗಾಡ್ಯಾಗ ಕೂಡ್ರಿ. ಊರ ಹಿಂದಿನ ಹಾದಿಲೆ ಹೋಗಂಗಿಲ್ಲ, ಪ್ಯಾಟಿ ನಡುವ ಹಾದು ಹೋಗೂದು."

ಭಾವ ನನ್ನನ್ನು ನೋಡಲಿಲ್ಲ. ತಮ್ಮನನ್ನು ನೋಡಿದರು. ತಮ್ಮ ಮೋಡ ನೋಡುತ್ತಿದ್ದರು. "ಆತು, ನಡೀರಿ," ಎಂದರು ಭಾವ.

ಹಗ್ಗ ನಾನೇ ಬಿಗಿದೆ. ಭಾವನ ಪಕ್ಕ ಕೂಡುವ ಪದ್ಧತಿ ಇಲ್ಲವಾದ್ದರಿಂದ ನಾನು ಹಿಂದೆ ಏರಿ ನಿಂತೆ. ಅಲ್ಲಿಂದ ಹಗ್ಗವೂ ಕಾಣುತ್ತಿತ್ತು, ತಿರುಗಿದರೆ ಗಾಜು ಹೋದ ಹಿಂಗಿಂಡಿಯಿಂದ ಗಂಡನೂ ಭಾವನೂ ಕೂತದ್ದು ಕಾಣುತ್ತಿತ್ತು. ಲಾರಿ ಹೊರಟಿತು. ಹಗ್ಗ ಬಿಗಿದು, ಹಿಂದಿನ ಲಾರಿ ಹೆಜ್ಜೆ ಹೆಜ್ಜೆಗೆ ಜಗ್ಗುತ್ತ ಬಂತು. ನನ್ನ ಮನಸ್ಸು ಆಗಲೇ ಪೇಟೆಯಲ್ಲಿತ್ತು. ಯಾವ ಅಂಗಡಿಯ ಕಟ್ಟೆಯ ಮೇಲೆ ಯಾರು ಕೂತಿರುತ್ತಾರೆ, ಕೋಳಿಗೂಡು ಎಂದ ಹುಡುಗರು ಎಲ್ಲಿ ನಿಂತಿರುತ್ತಾರೆ ಎಂದು ಎಣಿಸುತ್ತಿದ್ದೆ.

ಆಗ ಭಾವನ ಕಾಲುಗಳ ಮೇಲೆ ಕಣ್ಣು ಬಿತ್ತು. ಒಂದು ಕಾಲು ಬಾಗಿಲ ಅಂಚಿಗೆ, ಇನ್ನೊಂದು ಗೇರಿನ ಬುಡಕ್ಕೆ. ಎರಡೂ ಅಡ್ಡಪಟ್ಟಿಗಳು ಇರುವ ಜಾಗದಲ್ಲೇ ಹಿಮ್ಮಡಿ ಊರಿದ್ದರು. ಮೇಲೆ ಚಾಪೆ ಹಾಸಿತ್ತು, ಪಟ್ಟಿ ಕಾಣುವಂತಿರಲಿಲ್ಲ. ಕುದುರೆ ಏರಿದವರ ಹಾಗೆ ಕಾಲಗಲಿಸಿ, ಮೈ ಬಿಗಿ ಹಿಡಿದು ಕೂತಿದ್ದರು. ಲಾರಿ ತಗ್ಗಿಗೆ ಇಳಿದಾಗಲೂ ಕಾಲು ಸರಿಸಲಿಲ್ಲ.

ನನ್ನ ಗಂಡನೂ ನೋಡಿದ್ದರು. "ಆರಾಮ ಕಾಲ ಇಡು, ಅಣ್ಣಾ," ಎಂದರು.

"ಇರ್ಲಿ, ಇರ್ಲಿ."

"ಗೇರ ಹಾಕಾಕ ನಿನ್ನ ಮೊಳಕಾಲ ಅಡ್ಡ ಬರಾಕತ್ತೈತಿ. ನಡುವ ಇಡು."

"ನಡುವ ಬ್ಯಾಡಪಾ," ಎಂದರು ಭಾವ, ಗಾಬರಿಯಲ್ಲಿ, "ಅಲ್ಲಿ ತಳ ಇಲ್ಲ."

ಲಾರಿ ನಿಂತಿತು. ಹಿಂದಿನ ಲಾರಿ ಮೆಲ್ಲಗೆ ಬಂದು ನಮ್ಮದಕ್ಕೆ ತಾಗಿತು. ನನ್ನ ಗಂಡ ಸ್ಟೇರಿಂಗಿನಿಂದ ಕೈ ತೆಗೆಯದೆ, ತಿರುಗದೆ ಕೇಳಿದರು.

"ಅಲ್ಲಿ ತಳ ಇಲ್ಲಂತ ನಿನಗ ಹೆಂಗ ಗೊತ್ತು, ಅಣ್ಣಾ?"

ಭಾವ ಬಾಗಿಲ ಕಡೆ ಸರಿದರು.

"ನನ್ನ ಕಡಿ ತಗಡ ಮುರದದ್ದು ಊರಿಗೆಲ್ಲ ಗೊತ್ತು. ಈ ಕಡೀದು ಮುರದೇ ಇಲ್ಲ. ಅಲ್ಲಿ ತಟ್ಟು ಮೆತ್ತಿದ್ದು ನನಗೂ ನನ್ನ ಹೇಣ್ತಿಗೂ ಬಿಟ್ರ, ಮೆತ್ತಿದವನಿಗೇ ಗೊತ್ತು. ಗಾಡಿ ಬಿಟ್ಟು ಬಂದೆ, ಏನೂ ನೋಡಿಲ್ಲ ಅಂದಿದ್ದಿಯಲ್ಲ?"

"ಹಂಗಲ್ಲೋ, ತಮ್ಮಾ..."

"ಇಳಿ."

ಅಣ್ಣನಿಗೆ ಅವರು ಹಾಗೆ ಹೇಳಿದ್ದನ್ನು ನಾನೆಂದೂ ಕೇಳಿರಲಿಲ್ಲ. ದನಿ ಏರಲಿಲ್ಲ. ಭಾವ ಇಳಿದರು. ಗಂಡ ಆಚೆಯಿಂದ ಇಳಿದು, ಕುಂಟುತ್ತ ಹಿಂದೆ ಬಂದು ಹಗ್ಗಕ್ಕೆ ಕೈ ಹಾಕಿದರು. ಜಗ್ಗಿ ಜಗ್ಗಿ ಗಂಟು ಕಲ್ಲಾಗಿತ್ತು, ಅವರಿಂದ ಬಿಚ್ಚಲಾಗಲಿಲ್ಲ. ನನ್ನ ಕಡೆ ನೋಡಿದರು. ಪೇಟೆ ಇನ್ನೂ ಮುಂದೆ ಇತ್ತು. ಅಷ್ಟು ದಿನ ನಾನು ಕಾದದ್ದು, ಕಟ್ಟೆಗಳ ಮೇಲಿನ ಆ ಮುಖಗಳು, ಎಲ್ಲ ಇನ್ನೊಂದು ತಿರುವಿನ ಆಚೆಗಿತ್ತು. ಒಂದು ಗಳಿಗೆ ನನಗೆ ಬೇಸರವೇ ಆಯಿತು. ಆಮೇಲೆ ಹಿಂದಿನಿಂದ ಧುಮುಕಿ, ಚಾಣದ ತುದಿ ತೂರಿಸಿ ಗಂಟು ಸಡಿಲಿಸಿದೆ.

"ತಮ್ಮಾ, ಮಳಿ ಬರಾಕತ್ತೈತೋ," ಎಂದರು ಭಾವ.

ಮೊದಲ ಹನಿಗಳು ಧೂಳಿನಲ್ಲಿ ದಪ್ಪಗೆ ಬೀಳುತ್ತಿದ್ದವು. ಗಂಡ ಹೋಗಿ ಸ್ಟೇರಿಂಗಿಗೆ ಕೂತರು. ನಾನು ಹಗ್ಗ ಸುತ್ತಿ ಲಾರಿಗೆ ಎಸೆದು, ಭಾವ ಬಿಟ್ಟ ಜಾಗದಲ್ಲಿ, ನಡುವೆಯೇ ಎರಡೂ ಕಾಲಿಟ್ಟು ಕೂತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಳೆ ಹುಯ್ಯಿತು. ತಿರುಗಿ ನೋಡಿದೆ. ಇಬ್ಬರು ಮನುಷ್ಯರು ಹತ್ತಿಯ ಮೇಲೆ ಏರಿ ತಮ್ಮ ಧೋತರ ಬಿಚ್ಚಿ ಹೊದಿಸುತ್ತಿದ್ದರು. ಒಂದು ಲಾರಿ ಹತ್ತಿಗೆ ಎರಡು ಧೋತರ. ನನಗೆ ನಗು ಬಂತು. ಗಂಡನ ಮುಖ ನೋಡಿ ನುಂಗಿಕೊಂಡೆ.

ಮರುದಿನ ಬೆಳಿಗ್ಗೆ ಅತ್ತೆ ಬಂದು ಅಂಗಳದಲ್ಲೇ ನಿಂತು ಬೈದರು. ಒಡಹುಟ್ಟಿದವನ ಬದುಕಿಗೆ ಮಣ್ಣು ಹಾಕಿದಿರಿ, ಹತ್ತಿಯೆಲ್ಲ ಮುದ್ದೆಯಾಗಿ ಕೂತಿದೆ, ಎಂಥ ಹೆಣ್ಣು ತಂದೆನಪ್ಪ ಮನೆಗೆ ಎಂದರು. ಗಂಡ ಎಲ್ಲ ಕೇಳಿ, ಅವರ ಕೈ ಹಿಡಿದು ಲಾರಿಯ ಹತ್ತಿರ ಒಯ್ದರು. ಎಡಗಡೆಯ ಚಾಪೆ ಎತ್ತಿ, ನಾನು ಹಾಕಿದ ತಗಡಿನ ಅಂಚನ್ನು ತೋರಿಸಿ, ಇಷ್ಟಗಲ ತೂತಿತ್ತು, ಮೇಲೆ ತಟ್ಟು ಮೆತ್ತಿತ್ತು, ಅಣ್ಣನಿಗೆ ಗೊತ್ತಿತ್ತು ಎಂದರು.

ಅತ್ತೆ ಬಾಗಿ, ಮೊಳೆಯ ತಲೆಗಳ ಮೇಲೆ ಬೆರಳಾಡಿಸಿದರು. ಹೇಳಿದರು:

"ಬಣ್ಣ ಹೊಡಿಸಿಕೊಂಡು ಬಂದ ದಿನ ಅವ ನನ್ನ ಇಲ್ಲೇ ಕೂಡಿಸಿಕೊಂಡು ಗುಡಿಗೆ ಕರಕೊಂಡು ಹೋಗಿದ್ದ. ಯವ್ವಾ, ಕಾಲ ಅಗಲ ಮಾಡಿ ಇಡು, ತಗಡ ಕಾದೈತಿ ಅಂದ. ನಾ ಮಗ ಎಷ್ಟ ಕಾಳಜಿ ಮಾಡ್ತಾನಂದೆ."

ಅವರು ಆ ದಿನ ಭಾವನ ಮನೆಗೆ ತಿರುಗಿ ಹೋಗಲಿಲ್ಲ. ಅವರ ಟ್ರಂಕು ತರಲು ಲಾರಿಯಲ್ಲೇ ಹೋದೆವು. ಭಾವನ ಮನೆಯ ಮುಂದೆ ಗಂಡ ಇಂಜಿನ್ ಬಂದ್ ಮಾಡಲಿಲ್ಲ. ಅದು ಗುಡುಗುತ್ತಲೇ ನಿಂತಿತ್ತು. ನಾನು ಒಳಗೆ ಹೋಗಿ ಟ್ರಂಕು ಹೊತ್ತು ತಂದೆ. ಓಣಿಯ ಜನರೆಲ್ಲ ಬಾಗಿಲಿಗೆ ಬಂದಿದ್ದರು. ಅತ್ತೆ ನಮ್ಮ ಅಂಗಳದಲ್ಲಿ ಆಡಿದ ಮಾತು ಆಗಲೇ ಅವರಿಗೆ ಮುಟ್ಟಿತ್ತು. ಅತ್ತೆಯ ಟ್ರಂಕು ಪೇಟೆಯ ನಡುವೆ ಹಾದು ಬಂದದ್ದೇ ಊರಿಗೆ ಸಾಕಾಯಿತು.

ಮುಂದಿನ ಸುಗ್ಗಿಗೆ ಹತ್ತಿ ವ್ಯಾಪಾರಿಗಳು ಒಬ್ಬೊಬ್ಬರಾಗಿ ನಮ್ಮ ಅಂಗಳಕ್ಕೆ ಬಂದರು. ಅವ್ವನನ್ನೇ ತೂತಿನ ಮೇಲೆ ಕೂಡಿಸಿದವನ ಕೈಗೆ ಮಾಲು ಕೊಡಲು ಅವರಿಗೂ ಮನಸ್ಸಾಗಲಿಲ್ಲವೋ, ಅಥವಾ ತೊಯ್ದ ಹತ್ತಿಯ ನೆನಪು ಇತ್ತೋ, ನನಗೆ ತಿಳಿಯದು. ಭಾವ ಆ ದೊಡ್ಡ ಲಾರಿ ಮಾರಿದರು, ಅಂಗಡಿ ಮಾರಿದರು, ಯಾದಗಿರಿಗೆ ಹೋಗಿ ನೆಲೆಸಿದರು. ಮುಂದೆ ಕೆಲವು ವರ್ಷಕ್ಕೆ ಹೈದರಾಬಾದು ಸೀಮೆ ಒಡೆದು ನಮ್ಮ ಕಡೆಯದು ಕನ್ನಡದ ರಾಜ್ಯಕ್ಕೆ ಸೇರಿತು. ಕಚೇರಿಗಳ ಮುಂದೆ ಜನ ಸೇರಿ ಸಕ್ಕರೆ ಹಂಚುತ್ತಿದ್ದರು. ಎರಡು ಸೀಮೆ ಒಂದಾದವು, ಒಂದು ಮನೆ ಆಗಲಿಲ್ಲ ಎಂದು ಖಾಲಾ ಹೇಳಿದರು. ನಾನು ಸಕ್ಕರೆ ತಿಂದೆ.

ವರ್ಷಗಳು ಕಳೆದ ಮೇಲೆ ಭಾವನ ಮಗಳ ಮದುವೆಗೆ ಕರೆ ಬಂತು. ಬಂಧುಗಳೊಬ್ಬರು ಬಂದು, ಆದದ್ದು ಆಯಿತು, ಹುಡುಗಿಯ ತಪ್ಪೇನು ಎಂದರು. ಹುಡುಗಿಯದು ಏನೂ ತಪ್ಪಿರಲಿಲ್ಲ, ಒಳ್ಳೆಯ ಮಗು ಅದು. ಗಂಡ ಬರುವುದಿಲ್ಲ ಎಂದರು. ಅತ್ತೆ ಆಗಲೇ ಇರಲಿಲ್ಲ. ನಾನು ಒಬ್ಬಳೇ ಹೋದೆ. ಹುಡುಗಿಗೆ ಒಂದು ಇಳಕಲ್ ಸೀರೆ ಕೊಟ್ಟು ಅಕ್ಷತೆ ಹಾಕಿದೆ.

ಊಟಕ್ಕೆ ನನ್ನನ್ನು ಹೆಂಗಸರ ಸಾಲಿನಲ್ಲಿ ಮೊದಲಿಗೇ ಕೂಡಿಸಿದರು. ಭಾವ ಮದುವಣಗಿತ್ತಿಯ ತಂದೆ, ಉಪಚಾರ ಮಾಡುತ್ತ ಸಾಲಿನುದ್ದಕ್ಕೂ ಬಂದರು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ಎಲೆಯ ಮುಂದೆ ಬಂದಾಗ ಅವರ ಕೈಯಲ್ಲಿದ್ದ ಹೋಳಿಗೆಯ ಬುಟ್ಟಿ ಸ್ವಲ್ಪ ವಾಲಿತು.

"ಇನ್ನೊಂದ ಹಾಕ್ಲೇನವ್ವಾ?" ಎಂದರು, ಎಲೆಯನ್ನು ನೋಡುತ್ತ.

"ಹಾಕ್ರಿ."

ಹಾಕಿದರು. ಮೇಲೆ ತುಪ್ಪ ಹುಯ್ದರು. ನಾನು ತಿಂದೆ. ಪದ್ಧತಿಯಂತೆ, ಸಾಕು ಎನ್ನುವವರೆಗೆ ಮನೆಯ ಯಜಮಾನ ಎಲೆ ಬಿಟ್ಟು ಹೋಗುವಂತಿಲ್ಲ.

"ಇನ್ನೊಂದ?"

"ಹಾಕ್ರಿ."

ಸಾಲಿನ ಹೆಂಗಸರು ಉಣ್ಣುವುದು ನಿಲ್ಲಿಸಿ ನೋಡುತ್ತಿದ್ದರು. ಭಾವನ ಸೊಂಟ ಬಾಗಿ ಬಾಗಿ ನೋಯುತ್ತಿತ್ತೆಂದು ಕಾಣುತ್ತದೆ, ಒಂದು ಕೈ ಮೊಳಕಾಲಿಗೆ ಕೊಟ್ಟಿದ್ದರು. ಹೋಳಿಗೆ ಬಹಳ ಚೆನ್ನಾಗಿತ್ತು, ಏಲಕ್ಕಿ ಹದವಾಗಿ ಬಿದ್ದಿತ್ತು. ನನಗೇನೂ ಅವಸರವಿರಲಿಲ್ಲ.